ರಾಡಮಾಂಥಿಸ್ ಮೂವರು ಗೋಲ್ಡ್ ಸೇಂಟ್‌ಗಳನ್ನು ಕೆಡವಿದ್ದು ಬಲದಿಂದಲಾ, ಜಾಗದಿಂದಲಾ?

ಜಾಮಿರ್ ಕಮ್ಮಾರ

ಹಿಂದಿನ ಚರ್ಚೆ ಎಲ್ಲೆಲ್ಲಿಗೋ ಹೋಯಿತು, ಅದಕ್ಕೆ ಇದನ್ನು ಬೇರೆಯಾಗಿ ಶುರು ಮಾಡುತ್ತಿದ್ದೇನೆ. ಅಲ್ಲಿ ಹಲವರು ಹೇಳಿದ್ದು ಇಷ್ಟು: ಮಸಾಮಿ ಕುರುಮಾಡ ಅವರ ‘ಸೇಂಟ್ ಸೇಯಾ’ ಮಂಗಾದಲ್ಲಿ (ಜಪಾನಿ ಚಿತ್ರಕಥೆ) ಪಾತಾಳದ ದೇವರು ಹೇಡಿಸ್‌ನ ಸೈನ್ಯದ ಮೂವರು ನ್ಯಾಯಾಧೀಶರು, ಅಥೆನಾ ದೇವಿಯ ಯೋಧರಾದ ಸೇಂಟ್‌ಗಳಲ್ಲಿ ಮೇಲಿನ ದರ್ಜೆಯ ಗೋಲ್ಡ್ ಸೇಂಟ್‌ಗಳಿಗಿಂತ ಒಂದು ಕೈ ಮೇಲೆ. ಸಾಕ್ಷಿ ಕೇಳಿದರೆ, ವೈವರ್ನ್ ರಾಡಮಾಂಥಿಸ್ ಒಬ್ಬನೇ ನಿಂತು ಮು, ಮಿಲೋ, ಅಯೋಲಿಯಾ ಮೂವರನ್ನೂ ಕೆಡವಿದ್ದನ್ನು ತೋರಿಸುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಆ ಹೊಡೆದಾಟ ನಡೆದದ್ದು ಹೇಡಿಸ್‌ನ ಕೋಟೆಯಲ್ಲಿ. ಕೋಟೆಗೆ ಹೇಡಿಸ್ ಹಾಕಿದ ದಿಗ್ಬಂಧನ ಇದೆ. ಅದರೊಳಗೆ ಸೇಂಟ್‌ಗಳ ಬಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದು ಯಾವ ಅಭಿಮಾನಿಯ ಊಹೆಯೂ ಅಲ್ಲ, ಕಥೆಯೊಳಗೇ ಬರುವ ಮಾತು. ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಅದೇ ರಾತ್ರಿ, ಕೋಟೆಗೆ ಹೋಗುವ ಮೊದಲು, ಇದೇ ಮೂವರು ಸೇರಿ, ಮೂವರು ಗೋಲ್ಡ್ ಸೇಂಟ್‌ಗಳು ಒಟ್ಟಿಗೆ ಹೊಡೆಯುವ ಅಸ್ತ್ರವಾದ ಅಥೆನಾ ಎಕ್ಸ್‌ಕ್ಲಮೇಶನ್ ಹೊಡೆದು ಬಂದಿದ್ದರು. ಅಷ್ಟು ದಣಿದವರನ್ನು, ಹತ್ತನೇ ಒಂದು ಪಾಲು ಬಲದಲ್ಲಿ, ತನ್ನ ಒಡೆಯನ ಮನೆಯೊಳಗೆ ಸೋಲಿಸಿದವನನ್ನು ಹೇಗೆ ಅಳೆಯೋದು?

ನನ್ನ ವಾದ ರಾಡಮಾಂಥಿಸ್‌ಗಿಂತ ದೊಡ್ಡದು. ನಾವು ಈ ಯೋಧರನ್ನು ಕವಚದ ದರ್ಜೆ ನೋಡಿ ಸಾಲಾಗಿ ನಿಲ್ಲಿಸುತ್ತೇವೆ. ಸೇಂಟ್‌ಗಳ ಕವಚವಾದ ಕ್ಲಾತ್‌ನಲ್ಲಿ ಕಂಚು, ಅದರ ಮೇಲೆ ಬೆಳ್ಳಿ, ಅದರ ಮೇಲೆ ಚಿನ್ನ, ಪಕ್ಕದಲ್ಲಿ ಸಮುದ್ರ ದೇವರು ಪೊಸೈಡನ್ ಕಡೆಯವರ ಕವಚ ಸ್ಕೇಲ್, ಹೇಡಿಸ್ ಕಡೆಯವರ ಕವಚ ಸರ್ಪ್ಲಿಸ್. ಕವಚ ಏಟು ತಡೆಯುತ್ತದೆ, ಏಟು ಹೊಡೆಯುವುದಿಲ್ಲ. ಹೊಡೆಯೋದು ಒಳಗಿರುವವನ ಕಾಸ್ಮೋ, ಅಂದರೆ ಅವನ ಒಳಗಿನ ಶಕ್ತಿ.

ಇದಕ್ಕೆ ಕುರುಮಾಡ ಅವರೇ ಒಂದು ಪರೀಕ್ಷೆ ಇಟ್ಟಿದ್ದಾರೆ. ಹೇಡಿಸ್ ಭಾಗದ ಶುರುವಿನಲ್ಲಿ ಹಿಂದೆ ಸತ್ತಿದ್ದ ಗೋಲ್ಡ್ ಸೇಂಟ್‌ಗಳಾದ ಸಾಗಾ, ಕಾಮ್ಯು, ಶುರಾ ಹನ್ನೆರಡು ಗಂಟೆಯ ಆಯಸ್ಸು ಪಡೆದು ಎದ್ದು ಬರುತ್ತಾರೆ. ಮೈಮೇಲೆ ಇರುವುದು ಚಿನ್ನದ ಕ್ಲಾತ್ ಅಲ್ಲ, ಸರ್ಪ್ಲಿಸ್. ಆ ಕಡೆ ಮು, ಅಯೋಲಿಯಾ, ಮಿಲೋ ಚಿನ್ನದ ಕ್ಲಾತ್‌ನಲ್ಲೇ ಇದ್ದಾರೆ. ಎರಡೂ ಕಡೆಯಿಂದ ಒಂದೇ ಅಸ್ತ್ರ, ಅಥೆನಾ ಎಕ್ಸ್‌ಕ್ಲಮೇಶನ್. ಎರಡೂ ಮಧ್ಯದಲ್ಲಿ ಸಮ ಸಮವಾಗಿ ನಿಂತುಬಿಡುತ್ತವೆ. ಸಾಗಾನ ಕಡೆಯವರು ಅದಕ್ಕೆ ಮುಂಚೆ ಇನ್ನೊಬ್ಬ ಗೋಲ್ಡ್ ಸೇಂಟ್ ಶಾಕಾನ ಕೈಯಲ್ಲಿ ಇಂದ್ರಿಯಗಳನ್ನೇ ಕಳೆದುಕೊಂಡಿದ್ದರು, ಆದರೂ ಸಮ. ಕವಚ ಬದಲಾಯಿತು, ಏಟು ಬದಲಾಗಲಿಲ್ಲ.

ಒಂದೇ ನಿಯಮ ಇಟ್ಟುಕೊಳ್ಳೋಣ. ಕುರುಮಾಡ 1986ರಿಂದ ಶೋನೆನ್ ಜಂಪ್‌ನಲ್ಲಿ ಬರೆದ ಮೂಲ ಮಂಗಾ, 28 ಸಂಪುಟ, ಅಷ್ಟೇ ಲೆಕ್ಕಕ್ಕೆ. ಆಸ್ಗಾರ್ಡ್ ಭಾಗ ಆನಿಮೆಯಲ್ಲಿ ಮಾತ್ರ ಇದೆ, ಅದು ಬೇಡ.

ನೂರೆಂಟರಲ್ಲೊಬ್ಬ

ಗುರು, ದಿಗ್ಬಂಧನದ ಮಾತು ಸರಿ. ಕೋಟೆಯ ಹೊಡೆದಾಟವನ್ನು ನಾನೂ ಬದಿಗಿಡ್ತೀನಿ. ಆದರೆ ನಿಮ್ಮ ವಾದ ಅಲ್ಲಿಗೇ ಗೆಲ್ಲಲ್ಲ.

ಪಾತಾಳಕ್ಕೆ ಬನ್ನಿ. ಅಲ್ಲಿ ಕನೋನ್ ಜೆಮಿನಿ ಕ್ಲಾತ್ ಹಾಕಿಕೊಂಡು ಬಂದಿದ್ದಾನೆ. ಗೋಲ್ಡ್ ಸೇಂಟ್‌ಗಳಲ್ಲೇ ಮೇಲಿನ ಸಾಲಿನವನು, ಸಾಗಾನ ಅವಳಿ. ಅವನನ್ನು ಇನ್ನೊಬ್ಬ ನ್ಯಾಯಾಧೀಶ ಗ್ರಿಫನ್ ಮೀನೋಸ್ ಕಾಸ್ಮಿಕ್ ಮ್ಯಾರಿಯೋನೇಶನ್ ದಾರಗಳಲ್ಲಿ ಕಟ್ಟಿಹಾಕಿ ಗೊಂಬೆ ಥರ ಆಡಿಸುತ್ತಾನೆ. ಇಕ್ಕಿ ಬರದೇ ಇದ್ದಿದ್ದರೆ ಕನೋನ್ ಗತಿ ಏನಾಗುತ್ತಿತ್ತು? ಇದು ಜಾಗದ ಮಹಿಮೆ ಅಲ್ಲ, ಮೀನೋಸ್‌ನ ಕೈಚಳಕ.

ಹೇಡಿಸ್‌ನ ಯೋಧರಾದ ಸ್ಪೆಕ್ಟರ್‌ಗಳು ಒಟ್ಟು 108. ಅವರಲ್ಲಿ ತುಂಬಾ ಜನ ಒಂದೇ ಏಟಿಗೆ ಉರುಳುತ್ತಾರೆ, ಅದಕ್ಕೇ ಓದುವವರು ಇಡೀ ಸೈನ್ಯವನ್ನೇ ಹಗುರವಾಗಿ ನೋಡುತ್ತಾರೆ. ಮೂವರು ನ್ಯಾಯಾಧೀಶರು ಆ ಗುಂಪಿನವರಲ್ಲ. ಅವರು ಗೋಲ್ಡ್ ಸೇಂಟ್‌ಗಳಿಗಿಂತ ಮೇಲೆ ಅಂತ ನಾನು ಹೇಳುತ್ತಿಲ್ಲ. ಸಾಗಾ, ಕನೋನ್, ಶಾಕಾ ಇರುವ ಮಟ್ಟದಲ್ಲೇ ಇದ್ದಾರೆ, ಮಿಲೋ ಅಯೋಲಿಯಾಗಿಂತ ಸ್ವಲ್ಪ ಮೇಲೆ. ಇದು ನನ್ನ ನಿಲುವು.

ಕೆಂಡದ ರೆಕ್ಕೆ

ಮೀನೋಸ್ ಕನೋನ್‌ನ ಹಿಡಿದಾಗ ಅಲ್ಲಿ ಮೂವರೂ ನ್ಯಾಯಾಧೀಶರು ಇದ್ದರು ಅನ್ನೋದನ್ನು ಸೇರಿಸಿ. ಒಬ್ಬನ ಎದುರು ಮೂವರು.

ಆಮೇಲೆ ಇಕ್ಕಿ ಬಂದ. ಅವನು ಕಂಚಿನ ಸೇಂಟ್. ಎದುರಿಗೆ ಗರುಡ ಐಯಾಕೋಸ್, ಮೂವರು ನ್ಯಾಯಾಧೀಶರಲ್ಲಿ ಒಬ್ಬ. ಗರುಡಾ ಫ್ಲ್ಯಾಪ್‌ಗೆ ಸಿಕ್ಕಿ ಇಕ್ಕಿ ಆಕಾಶಕ್ಕೆ ಹಾರಿ ನೆಲಕ್ಕೆ ಬಿದ್ದ. ಎದ್ದ. ಗೆದ್ದವನೂ ಅವನೇ. ಸೇಂಟ್‌ಗೆ ಒಂದೇ ಅಸ್ತ್ರ ಎರಡು ಸಲ ತಾಗಲ್ಲ ಅನ್ನುವ ಮಾತು ಈ ಮಂಗಾದಲ್ಲಿ ಮೊದಲಿಂದಲೂ ಇದೆ. ಅದನ್ನು ಇಕ್ಕಿಯಷ್ಟು ಚೆನ್ನಾಗಿ ಬದುಕಿ ತೋರಿಸಿದವರು ಬೇರೆ ಯಾರೂ ಇಲ್ಲ.

ನ್ಯಾಯಾಧೀಶರು ಸಾಗಾ ಮಟ್ಟದವರಾದರೆ, ಕಂಚಿನ ಕ್ಲಾತ್ ಹಾಕಿದವನೊಬ್ಬ ಅವರಲ್ಲಿ ಒಬ್ಬನನ್ನು ಒಂಟಿಯಾಗಿ ಸೋಲಿಸಿದ್ದಕ್ಕೆ ನಿಮ್ಮ ಪಟ್ಟಿಯಲ್ಲಿ ಜಾಗ ಎಲ್ಲಿದೆ?

ನೂರೆಂಟರಲ್ಲೊಬ್ಬ

ಇಕ್ಕಿ ಕಂಚಿನವನು ಅನ್ನೋದು ಹೆಸರಿಗೆ ಮಾತ್ರ ಅಲ್ವಾ? ಶಾಕಾನ ಎದುರು ಎಲ್ಲಾ ಇಂದ್ರಿಯ ಬಿಟ್ಟುಕೊಟ್ಟು ಏಳನೇ ಇಂದ್ರಿಯವನ್ನು (ಕಾಸ್ಮೋದ ಮೂಲ) ಹೊತ್ತಿಸಿದವನು. ಅವನನ್ನು ಯಾರೂ ಕಂಚಿನ ಸಾಲಿನಲ್ಲಿ ಇಡಲ್ಲ.

ಜಾಮಿರ್ ಕಮ್ಮಾರ

ನಾನು ಹೇಳುತ್ತಿರೋದೂ ಅದನ್ನೇ! ಕ್ಲಾತ್ ಕಂಚು, ಮನುಷ್ಯ ಕಂಚಲ್ಲ.

ಹೊಸ ಓದುಗಿ

ನಾನು ಈಗಷ್ಟೇ ಹನ್ನೆರಡು ಮನೆಗಳ ಭಾಗ (ಗೋಲ್ಡ್ ಸೇಂಟ್‌ಗಳು ಕಾಯುವ ಮನೆಗಳನ್ನು ದಾಟುವ ಕಥೆ) ಮುಗಿಸಿದ್ದೇನೆ, ಮುಂದಿನದು ತಿಳಿದರೂ ಬೇಜಾರಿಲ್ಲ. ಒಂದು ಪ್ರಶ್ನೆ. ಕವಚದ ದರ್ಜೆಗೆ ಬಲದ ಲೆಕ್ಕವೇ ಇಲ್ಲ ಅಂದರೆ, ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಯಾಕೆ ಇಟ್ಟರು? 88 ಸೇಂಟ್‌ಗಳಿಗೂ ಒಂದೇ ಲೋಹ ಕೊಡಬಹುದಿತ್ತು ಅಲ್ವಾ?

ಜಾಮಿರ್ ಕಮ್ಮಾರ

ಒಳ್ಳೇ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಇದು ನನಗೆ ತುಂಬಾ ಇಷ್ಟದ ಭಾಗ.

ದರ್ಜೆಗೆ ಅರ್ಥ ಇದೆ. 88 ನಕ್ಷತ್ರಪುಂಜಗಳಲ್ಲಿ 48 ಕಂಚು, 24 ಬೆಳ್ಳಿ, 12 ಚಿನ್ನ. ಉಳಿದ ನಾಲ್ಕು ಯಾವ ದರ್ಜೆಗೂ ಸೇರಿಸಿಲ್ಲ. ಕಂಚಿನವರ ಏಟಿನ ವೇಗ ಮ್ಯಾಕ್ 1, ಅಂದರೆ ಶಬ್ದದ ವೇಗ. ಬೆಳ್ಳಿಯವರದು ಮ್ಯಾಕ್ 2ರಿಂದ 5. ಚಿನ್ನದವರದು ಬೆಳಕಿನ ವೇಗ. ಆದರೆ ಗಮನಿಸಿ, ಇದು ಆ ದರ್ಜೆಯ ಮನುಷ್ಯರ ವೇಗ. ಕ್ಲಾತ್ ಕೊಡುವ ವೇಗ ಅಲ್ಲ. ಏಳನೇ ಇಂದ್ರಿಯ ಮುಟ್ಟಿದವನಿಗೆ ಬೆಳಕಿನ ವೇಗ ಸಿಗುತ್ತದೆ, ಗೋಲ್ಡ್ ಸೇಂಟ್‌ಗಳು ಅದನ್ನು ಮೊದಲೇ ಮುಟ್ಟಿದವರು. ಕಥಾನಾಯಕ ಸೇಯಾ ಮುಟ್ಟಿದಾಗ ಅವನ ಮೈಮೇಲೆ ಪೆಗಾಸಸ್‌ನ ಕಂಚೇ ಇತ್ತು.

ಕ್ಲಾತ್‌ನ ಸ್ವಂತ ಗುಣ ಯಾವುದು ಅಂದರೆ ತಡೆಯುವ ಶಕ್ತಿ. ಅದನ್ನು ಕಾಮ್ಯು ತನ್ನ ಶಿಷ್ಯ, ಕಂಚಿನ ಸೇಂಟ್ ಹ್ಯೋಗನಿಗೆ ಅಂಕಿ ಸಮೇತ ಹೇಳುತ್ತಾನೆ. ಕಂಚಿನ ಕ್ಲಾತ್ ಮೈನಸ್ 150 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಬೆಳ್ಳಿ ಮೈನಸ್ 200ಕ್ಕೆ. ಚಿನ್ನದ ಕ್ಲಾತ್ ಹೆಪ್ಪುಗಟ್ಟಬೇಕಾದರೆ ಪರಮ ಶೂನ್ಯವೇ ಬೇಕು, ಮೈನಸ್ 273.15. ಅದಕ್ಕಿಂತ ತಣ್ಣಗಿನದು ಜಗತ್ತಿನಲ್ಲಿ ಇಲ್ಲ. ಅಲ್ಲಿ ಅಣುಗಳ ಚಲನೆಯೇ ನಿಲ್ಲುತ್ತದೆ ಅನ್ನುವುದು ಈ ಕಥೆಯ ತರ್ಕ. ಕಂಚಿಗೂ ಬೆಳ್ಳಿಗೂ 50 ಡಿಗ್ರಿ ಅಂತರ, ಬೆಳ್ಳಿಗೂ ಚಿನ್ನಕ್ಕೂ 73. ಆದರೆ ಆ ಕೊನೆಯ ಕೆಲವು ಡಿಗ್ರಿ ದಾಟಲು ಗುರುವಿಗೇ ಆಗಲಿಲ್ಲ. ಶಿಷ್ಯ ದಾಟಿದ, ಕಂಚಿನ ಸೈಗ್ನಸ್ ಕ್ಲಾತ್‌ನಲ್ಲೇ.

ಕ್ಲಾತ್‌ಗಳನ್ನು ದುರಸ್ತಿ ಮಾಡುವುದು ಜಾಮಿರ್‌ನಲ್ಲಿರುವ ಮು. ಬೇಕಾದ ಸಾಮಾನು ಓರಿಕ್ಯಾಲ್ಕಂ, ಗಾಮಾನಿಯನ್, ನಕ್ಷತ್ರದ ಪುಡಿ. ಪೂರ್ತಿ ಸತ್ತ ಕ್ಲಾತ್ ಆದರೆ ಸೇಂಟ್‌ನ ರಕ್ತವೂ ಬೇಕು, ಸ್ವಲ್ಪ ಅಲ್ಲ, ಜೀವ ಹೋಗುವಷ್ಟು. ಕಂಚಿನ ಸೇಂಟ್ ಶಿರ್ಯು ತನ್ನ ರಕ್ತ ಹರಿಸಿದ್ದು ಹಾಗೆಯೇ. ಹನ್ನೆರಡು ಮನೆ ಮುಗಿದ ಮೇಲೆ ನೀವು ಪೊಸೈಡನ್ ಭಾಗಕ್ಕೆ ಹೋಗುತ್ತೀರಲ್ಲ, ಅಲ್ಲಿ ಬದುಕುಳಿದ ಗೋಲ್ಡ್ ಸೇಂಟ್‌ಗಳ ರಕ್ತದಿಂದ ಕಂಚಿನ ಕ್ಲಾತ್‌ಗಳು ಎದ್ದು ಬರುವುದನ್ನು ನೋಡುತ್ತೀರಿ.

ಗ್ರೇಟ್ ಹಾರ್ನ್

ಪ್ರತಿ ಸಲ ಬಲದ ಪಟ್ಟಿ ಮಾಡಿದಾಗಲೂ ಟಾರಸ್ ಆಲ್ಡೆಬರಾನ್‌ನ ಹನ್ನೆರಡನೇ ಜಾಗಕ್ಕೆ ತಳ್ಳುತ್ತಾರೆ. ನನಗೆ ಇದು ನಿಜವಾಗಿಯೂ ನೋವು ಕೊಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವನ ಮೇಲಿರುವ ಆರೋಪ ಏನು? ಸೇಯಾ ಅವನ ಚಿನ್ನದ ಕೊಂಬು ಮುರಿದ, ಪೊಸೈಡನ್‌ನ ಸೇನಾಪತಿ ಸೊರೆಂಟೋನ ಕೊಳಲಿಗೆ ಸೋತ, ಹೇಡಿಸ್ ಭಾಗದಲ್ಲಿ ಎಲ್ಲರಿಗಿಂತ ಮೊದಲು ಸತ್ತ. ಒಂದೊಂದಾಗಿ ನೋಡಿ. ಸೇಯಾನ ಜೊತೆಗಿನದು ಪಂದ್ಯದ ಥರ ನಡೆದದ್ದು. ಕೊಂಬು ಮುರಿದರೆ ದಾರಿ ಬಿಡ್ತೀನಿ ಅಂತ ಅವನೇ ಮಾತು ಕೊಟ್ಟಿದ್ದ, ಮಾತಿನಂತೆ ಬಿಟ್ಟ. ಕೊಲ್ಲಬೇಕು ಅಂತ ಹೊರಟಿದ್ದರೆ ಆ ಹುಡುಗರು ಎರಡನೇ ಮನೆ ದಾಟುತ್ತಿರಲಿಲ್ಲ.

ಈಗ ಸಾವಿನ ವಿಷಯ. ಆ ಪುಟಗಳನ್ನು ಮತ್ತೊಮ್ಮೆ ತೆಗೆದು ನೋಡಿ. ಸ್ಪೆಕ್ಟರ್‌ಗಳು ಟಾರಸ್ ಮನೆಯೊಳಗೆ ಬರುತ್ತಾರೆ. ಆಲ್ಡೆಬರಾನ್ ಕೈಕಟ್ಟಿಕೊಂಡು ನೆಟ್ಟಗೆ ನಿಂತಿದ್ದಾನೆ. ಹತ್ತಿರ ಹೋದರೆ ಉಸಿರಿಲ್ಲ. ಡೀಪ್ ನಿಯೋಬ್ ಎನ್ನುವ ಸ್ಪೆಕ್ಟರ್ ವಿಷದ ಪರಿಮಳ ಬಿಟ್ಟು ಅವನನ್ನು ಮೊದಲೇ ಕೊಂದಿದ್ದಾನೆ. ಅದೇ ನಿಯೋಬ್ ಆಮೇಲೆ ಮುನ ಎದುರು ನಿಂತು ಗೆದ್ದೆ ಅಂತ ಜಂಭ ಕೊಚ್ಚುತ್ತಾನೆ. ಆಗ ಮು ಹೇಳುತ್ತಾನೆ, ನೀನು ಆಗಲೇ ಸತ್ತಿದ್ದೀಯ, ಆಲ್ಡೆಬರಾನ್ ಸಾಯುವ ಮೊದಲೇ ಗ್ರೇಟ್ ಹಾರ್ನ್ ಹೊಡೆದಾಗಿದೆ ಅಂತ. ನಿಯೋಬ್‌ನ ಮೈ ಅಲ್ಲೇ ಒಡೆದು ಬೀಳುತ್ತದೆ.

ಗ್ರೇಟ್ ಹಾರ್ನ್ ಕೈಕಟ್ಟಿದ ನಿಲುವಿನಿಂದಲೇ ಬರುವ ಏಟು. ಜಪಾನಿನ ಇಯಾಯ್ ಕತ್ತಿವರಸೆಯ ಹಾಗೆ ಅದನ್ನು ಕಥೆಯಲ್ಲೇ ವಿವರಿಸಿದ್ದಾರೆ. ಒರೆಯಿಂದ ಕತ್ತಿ ಎಳೆದದ್ದು, ಕಡಿದದ್ದು, ಮತ್ತೆ ಒರೆಗೆ ಹಾಕಿದ್ದು ಮೂರೂ ಒಂದೇ ಕ್ಷಣ. ಅಂದರೆ ಅವನು ಕೈಕಟ್ಟಿ ಸತ್ತು ನಿಂತಿದ್ದ ಅಂದರೆ ಏಟು ಮುಗಿಸಿ ಕೈ ವಾಪಸ್ ಕಟ್ಟಿಕೊಂಡಿದ್ದ. ಎದುರಿದ್ದವನಿಗೆ ತಾನು ಏಟು ತಿಂದದ್ದೇ ಗೊತ್ತಾಗಲಿಲ್ಲ. ಇಂಥ ವೇಗದವನನ್ನು ಕೊನೇ ಸಾಲಿಗೆ ಹಾಕೋದು ಯಾವ ನ್ಯಾಯ?

ಬ್ರೆಜಿಲ್‌ನಲ್ಲಿ ಈ ಸರಣಿಗೆ 90ರ ದಶಕದಿಂದಲೂ ದೊಡ್ಡ ಅಭಿಮಾನಿ ಬಳಗ ಇದೆ. ಆಲ್ಡೆಬರಾನ್ ಬ್ರೆಜಿಲ್‌ನವನು ಅಂತಲೇ ಕುರುಮಾಡ ಬರೆದದ್ದು. ಅವರೆಲ್ಲಾ ಅವನನ್ನು ಎಷ್ಟು ಮೆಚ್ಚುತ್ತಾರೆ ಅನ್ನೋದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಜಾಮಿರ್ ಕಮ್ಮಾರ

ಕೈ ವಾಪಸ್ ಕಟ್ಟಿಕೊಂಡಿದ್ದ ಅನ್ನೋದನ್ನು ನಾನು ಈ ಕಣ್ಣಿನಿಂದ ನೋಡಿಯೇ ಇರಲಿಲ್ಲ. ಧನ್ಯವಾದ ಅಣ್ಣ.

ಗೋಲ್ಡ್ ಸೇಂಟ್‌ಗಳಲ್ಲಿ ಒಂದರಿಂದ ಹನ್ನೆರಡು ಅಂತ ಪಟ್ಟಿ ಮಾಡೋದೇ ಕಥೆಗೆ ವಿರುದ್ಧ. ಸಾವಿರ ದಿನಗಳ ಯುದ್ಧ ಅಂತ ಒಂದು ಮಾತಿದೆಯಲ್ಲ, ಅದು ಸುಮ್ನೆ ಹೇಳಿದ್ದಲ್ಲ. ಇಬ್ಬರು ಗೋಲ್ಡ್ ಸೇಂಟ್‌ಗಳು ಎದುರುಬದುರು ನಿಂತರೆ ಸಾವಿರ ದಿನ ಕಳೆದರೂ ತೀರ್ಮಾನ ಆಗಲ್ಲ. ಅಯೋಲಿಯಾ ಸೇಂಟ್‌ಗಳ ಮುಖ್ಯಸ್ಥ ಪೋಪ್‌ನ ಎದುರಿಸಲು ಹೋದಾಗ ಶಾಕಾ ಅಡ್ಡ ಬಂದ, ಆಗಲೂ ಹಾಗೇ ಆಯಿತು. ಪೋಪ್ ವೇಷದಲ್ಲಿದ್ದ ಸಾಗಾ ಮನಸ್ಸನ್ನು ವಶ ಮಾಡಿಕೊಳ್ಳುವ ಗೆನ್‌ರೋ ಮಾವೋಕೆನ್ ಹೊಡೆದದ್ದರಿಂದ ಅದು ಮುಗಿದದ್ದು. ದೇವರಿಗೆ ಅತಿ ಹತ್ತಿರದ ಮನುಷ್ಯ ಅನ್ನಿಸಿಕೊಂಡ ಶಾಕಾನ ಎದುರು ಅಯೋಲಿಯಾ ಸಮವಾಗಿ ನಿಂತಿದ್ದ. ನೂರೆಂಟರಲ್ಲೊಬ್ಬ ಅವರೇ, ನಿಮ್ಮ ‘ಅಯೋಲಿಯಾಗಿಂತ ಸ್ವಲ್ಪ ಮೇಲೆ’ ಇಲ್ಲಿ ನಿಲ್ಲುತ್ತಾ?

ಲೈಬ್ರಾ ಗುರಾಣಿ

ಕವಚ ಏಟು ಕೊಡಲ್ಲ ಅನ್ನುವ ಮಾತಿಗೆ ನನ್ನದೊಂದು ದೊಡ್ಡ ತಕರಾರು ಇದೆ.

ಒಂದು, ಲೈಬ್ರಾ. ಆ ಕ್ಲಾತ್‌ನಲ್ಲಿ ಹನ್ನೆರಡು ಆಯುಧಗಳಿವೆ. ಕಾಮ್ಯು ಹ್ಯೋಗನನ್ನು ಫ್ರೀಜಿಂಗ್ ಕಾಫಿನ್‌ನಲ್ಲಿ (ಮಂಜುಗಡ್ಡೆಯ ಶವಪೆಟ್ಟಿಗೆ) ಹೂತಾಗ, ಇದನ್ನು ಹಲವು ಗೋಲ್ಡ್ ಸೇಂಟ್‌ಗಳು ಸೇರಿದರೂ ಒಡೆಯಲಾಗದು ಅಂದಿದ್ದ. ಶಿರ್ಯು ಲೈಬ್ರಾದ ಕತ್ತಿಯಿಂದ ಒಡೆದ. ಪೊಸೈಡನ್‌ನ ಸಮುದ್ರದ ಏಳು ಕಂಬಗಳನ್ನು ಬೀಳಿಸಿದ್ದೂ ಇದೇ ಆಯುಧಗಳು. ಮುನ ಪುಟ್ಟ ಶಿಷ್ಯ ಕಿಕಿ ಆ ಪೆಟ್ಟಿಗೆ ಹೊತ್ತುಕೊಂಡು ಕಂಬದಿಂದ ಕಂಬಕ್ಕೆ ಓಡಿದ್ದು ಯಾಕೆ ಮತ್ತೆ? ಬರೀ ಕಾಸ್ಮೋ ಸಾಕಿದ್ದರೆ ಅವನು ಮನೆಯಲ್ಲೇ ಇರಬಹುದಿತ್ತು.

ಎರಡು, ಸ್ಯಾಜಿಟೇರಿಯಸ್. ಅಯೋಲಿಯಾ ಸೇಯಾನ ಕೊಲ್ಲಲು ಬಂದಾಗ ಸೇಯಾಗೆ ಇನ್ನೂ ಏಳನೇ ಇಂದ್ರಿಯ ಗೊತ್ತಿಲ್ಲ. ಬೆಳಕಿನ ವೇಗದ ಏಟುಗಳು ಕಣ್ಣಿಗೂ ಕಾಣುತ್ತಿಲ್ಲ. ಸ್ಯಾಜಿಟೇರಿಯಸ್ ಕ್ಲಾತ್ ಬಂದು ಮೈಗೆ ಕೂತ ತಕ್ಷಣ ಅದೇ ಹುಡುಗ ಅಯೋಲಿಯಾನ ಎದುರು ನಿಲ್ಲುತ್ತಾನೆ. ಅರ್ಧ ನಿಮಿಷದಲ್ಲಿ ಮನುಷ್ಯ ಬದಲಾಗಲಿಲ್ಲ. ಬದಲಾದದ್ದು ಕವಚ. ಇದಕ್ಕೆ ಏನಂತೀರಿ?

ಜಾಮಿರ್ ಕಮ್ಮಾರ

ಲೈಬ್ರಾ ಆಯುಧಗಳ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ. ಆಯುಧ ಬೇರೆ, ಕವಚ ಬೇರೆ. ಅಥೆನಾ ಸೇಂಟ್‌ಗಳಿಗೆ ಆಯುಧ ನಿಷೇಧಿಸಿರೋದೇ ಅವು ಏಟಿನ ಲೆಕ್ಕ ಕೆಡಿಸುತ್ತವೆ ಅಂತ. ಲೈಬ್ರಾದವನ ಒಪ್ಪಿಗೆ ಇಲ್ಲದೆ ಅವನ್ನು ಮುಟ್ಟುವಂತಿಲ್ಲ.

ಸ್ಯಾಜಿಟೇರಿಯಸ್ ವಿಷಯಕ್ಕೆ ಬರುತ್ತೇನೆ. ಆ ಜಾಗದಲ್ಲಿ ಅಯೋಲಿಯಾ ಏನು ನೋಡಿದ? ಸೇಯಾನ ಹಿಂದೆ ತನ್ನ ಅಣ್ಣ ಅಯೋಲೋಸ್‌ನ ನೋಡಿದ. ಅಂದರೆ ಅಲ್ಲಿ ಕೆಲಸ ಮಾಡಿದ್ದು ಲೋಹ ಅಲ್ಲ, ಆ ಲೋಹದಲ್ಲಿ ಉಳಿದಿದ್ದ ಒಬ್ಬ ಮನುಷ್ಯನ ಮನಸ್ಸು. ಈ ಮಂಗಾದಲ್ಲಿ ಕ್ಲಾತ್‌ಗೆ ಜೀವ ಇದೆ, ಇಷ್ಟ ಅನಿಷ್ಟ ಇದೆ. ಡೆತ್‌ಮಾಸ್ಕ್‌ನ ನೆನಪು ಮಾಡಿಕೊಳ್ಳಿ. ಶಿರ್ಯು ಜೊತೆ ಹೊಡೆದಾಡುತ್ತಿರುವಾಗಲೇ ಕ್ಯಾನ್ಸರ್ ಕ್ಲಾತ್ ಅವನ ಮೈಯಿಂದ ಕಳಚಿ ಹೋಗುತ್ತದೆ. ಒಡೆದದ್ದಲ್ಲ, ಅವನನ್ನು ಬಿಟ್ಟು ಹೋದದ್ದು. ಅದನ್ನು ನೋಡಿ ಶಿರ್ಯು ತನ್ನ ಡ್ರ್ಯಾಗನ್ ಕ್ಲಾತ್ ತಾನೇ ಬಿಚ್ಚಿಡುತ್ತಾನೆ. ಬರಿಮೈಯಲ್ಲಿ ಇಬ್ಬರು, ಒಬ್ಬ ಚಿನ್ನದವನು, ಒಬ್ಬ ಕಂಚಿನವನು. ಗೆದ್ದದ್ದು ಯಾರು ಅಂತ ನಿಮಗೆ ಗೊತ್ತು.

ಕಂಚಿನ ಸೇಂಟ್ ಶುನ್‌ನದೂ ಹಾಗೆಯೇ. ಗೋಲ್ಡ್ ಸೇಂಟ್ ಅಫ್ರೊಡೈಟ್‌ನ ಕಪ್ಪು ಗುಲಾಬಿಗಳು ಆಂಡ್ರೊಮಿಡಾ ಚೈನನ್ನು ಚೂರು ಮಾಡುತ್ತವೆ. ಎಲ್ಲರೂ ಮುಗೀತು ಅಂದುಕೊಂಡಾಗ ಬರಿಗೈಯಿಂದ ನೆಬ್ಯುಲಾ ಸ್ಟ್ರೀಮ್ ಏಳುತ್ತದೆ. ಅವನ ನಿಜವಾದ ಬಲ ಹೊರಬಂದದ್ದೇ ಚೈನ್ ಹೋದ ಮೇಲೆ.

ಕಪ್ಪು ಖಡ್ಗ

ಬೇರೆ ಮಂಗಾ ತರ್ತಿದ್ದೀನಿ, ಆದರೆ ವಿಷಯ ಇದೇ. ಕೆಂಟಾರೋ ಮಿಯುರಾ ಅವರ ‘ಬರ್ಸರ್ಕ್’ನಲ್ಲಿ ಕಥಾನಾಯಕ ಗಟ್ಸ್ ಹಾಕುವ ಬರ್ಸರ್ಕರ್ ಕವಚ ನಿಮ್ಮ ವಾದವನ್ನು ತಲೆಕೆಳಗು ಮಾಡುತ್ತದೆ.

ಅದು ಏಟು ತಡೆಯೋ ಕವಚವೇ ಅಲ್ಲ. ನೋವು ಗೊತ್ತಾಗದ ಹಾಗೆ ಮಾಡುತ್ತದೆ. ಮನುಷ್ಯನ ಮೈ ತಾನೇ ಮುರಿಯಬಾರದು ಅಂತ ಇಟ್ಟುಕೊಂಡಿರುವ ಮಿತಿಯನ್ನು ತೆಗೆದುಹಾಕುತ್ತದೆ. ಮೂಳೆ ಮುರಿದರೆ ಕವಚದ ಒಳಗಿಂದಲೇ ಮುಳ್ಳುಗಳು ಮಾಂಸಕ್ಕೆ ಚುಚ್ಚಿ ಮೂಳೆಯನ್ನು ಹಿಡಿದು ನಿಲ್ಲಿಸುತ್ತವೆ. ಗಟ್ಸ್ ಅದನ್ನು ಮೊದಲು ಹಾಕಿದ್ದು ಶತ್ರು ಗ್ರುನ್‌ಬೆಲ್ಡ್ ಎದುರು. ಅದಕ್ಕೆ ಮುಂಚೆ ನೆಲಕಚ್ಚಿದ್ದವನು ಅದನ್ನು ಹಾಕಿದ ಮೇಲೆ ಹೇಗೆ ಹಾರಿದ ಅಂತ ನೋಡಿ. ಬೆಲೆಯೂ ಅಷ್ಟೇ ದೊಡ್ಡದು. ನಾಲಿಗೆಗೆ ರುಚಿ ಹೋಯಿತು, ಕಣ್ಣು ಮಂಜಾಯಿತು, ಕೂದಲಲ್ಲಿ ಬಿಳಿ ಬಂತು. ಜೊತೆಗಿದ್ದ ಮಾಟಗಾತಿ ಶಿಯೆರ್ಕೆ ಒಳಗೆ ಹೋಗಿ ಅವನ ಮನಸ್ಸನ್ನು ಎಳೆದು ತರದಿದ್ದರೆ ಅವನು ತನ್ನವರನ್ನೇ ಕಡಿಯುತ್ತಿದ್ದ.

ಹಾಗಾಗಿ ‘ಕವಚ ಬಲ ಕೊಡಲ್ಲ’ ಅನ್ನೋದನ್ನು ಎಲ್ಲಾ ಮಂಗಾಗೂ ಹಾಕಬೇಡಿ.

ಜಾಮಿರ್ ಕಮ್ಮಾರ

ಹಾಕಲ್ಲ. ನನ್ನ ಮಾತು ಕುರುಮಾಡ ಅವರ ಲೋಕಕ್ಕೆ ಮಾತ್ರ. ಮಿಯುರಾ ಅವರ ಕವಚ ಗಟ್ಸ್‌ನ ಒಳಗಿನ ಕೋಪವನ್ನೇ ಉರುವಲು ಮಾಡಿಕೊಳ್ಳುತ್ತದೆ. ಇಲ್ಲಿನ ಕ್ಲಾತ್ ಕೆಟ್ಟ ಮನಸ್ಸನ್ನು ಕಂಡರೆ ಬಿಟ್ಟು ಹೋಗುತ್ತದೆ. ಇಬ್ಬರು ಬರಹಗಾರರೂ ಕವಚದ ಬಗ್ಗೆ ತದ್ವಿರುದ್ಧ ಯೋಚಿಸಿದ್ದಾರೆ. ಅದಕ್ಕೇ ಗಟ್ಸ್‌ಗೂ ಸೇಯಾಗೂ ಜೋಡಿ ಕಟ್ಟಿ ಯಾರು ಗೆಲ್ತಾರೆ ಅಂತ ಕೇಳುವ ಚರ್ಚೆಗಳು ನನಗೆ ಹಿಡಿಸಲ್ಲ.

ಎಂಟನೇ ಅರಿವು

ಶಾಕಾನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯವರಿಗೆ ಈ ಭಾಗ ಓದುವಾಗ ಒಂದು ಬೇರೆಯೇ ಸಂತೋಷ ಸಿಗುತ್ತದೆ. ಶಾಕಾ ಭಾರತದವನು. ಹುಡುಗನಾಗಿದ್ದಾಗ ಗಂಗೆಯ ದಡದಲ್ಲಿ ಸಾವು ನೋವು ನೋಡಿ ಬುದ್ಧನ ಜೊತೆ ಮಾತಾಡಿದವನು. ಕಣ್ಣು ಮುಚ್ಚಿಕೊಂಡೇ ಇರುತ್ತಾನೆ. ಒಂದು ಇಂದ್ರಿಯವನ್ನು ತಾನೇ ಮುಚ್ಚಿಟ್ಟು ಅದರ ಕಾಸ್ಮೋ ಕೂಡಿಡುತ್ತಾನೆ. ಕಣ್ಣು ತೆರೆದ ದಿನ ಎದುರಿನವರ ಇಂದ್ರಿಯಗಳು ಒಂದೊಂದಾಗಿ ಹೋಗುತ್ತವೆ.

ಹೇಡಿಸ್ ಭಾಗದಲ್ಲಿ ಬರುವ ಎಂಟನೇ ಇಂದ್ರಿಯಕ್ಕೆ ಜಪಾನಿಯಲ್ಲಿ ಅರಾಯಶಿಕಿ ಅಂತಾರೆ. ಅದು ನಮ್ಮ ಆಲಯವಿಜ್ಞಾನವೇ. ಅಸಂಗ, ವಸುಬಂಧು ಬೆಳೆಸಿದ ಯೋಗಾಚಾರ ಬೌದ್ಧರ ಲೆಕ್ಕದಲ್ಲಿ ಅರಿವುಗಳು ಎಂಟು, ಕೊನೆಯದು ಇದು. ಕುರುಮಾಡ ಅದನ್ನು ಎತ್ತಿಕೊಂಡು, ಅದನ್ನು ಮುಟ್ಟಿದವನು ಜೀವ ಇರುವಾಗಲೇ ಪಾತಾಳಕ್ಕೆ ಹೋಗಬಹುದು, ಹೇಡಿಸ್‌ನ ಕಟ್ಟಳೆ ಅವನಿಗೆ ಹತ್ತಲ್ಲ ಅಂತ ಮಾಡಿದರು. ಶಾಕಾ ಹೋದದ್ದು ಹಾಗೆ. ಕ್ಲಾತ್‌ನ ಬಲದಿಂದಲ್ಲ.

ಪೊಸೈಡನ್ ಭಾಗದ ಕ್ರಿಸಾರ್ ಕೃಷ್ಣನನ್ನೂ ನೆನಪಿಸುತ್ತೇನೆ. ಶ್ರೀಲಂಕಾದವನು, ಹಿಂದೂ ಮಹಾಸಾಗರದ ಕಂಬ ಕಾಯುವವನು, ಕೈಯಲ್ಲಿ ಚಿನ್ನದ ಈಟಿ. ಶಿರ್ಯು ಎಕ್ಸ್‌ಕ್ಯಾಲಿಬರ್‌ನಿಂದ ಆ ಈಟಿಯನ್ನು ತುಂಡರಿಸುತ್ತಾನೆ. ಈಟಿ ಹೋದ ಮೇಲೆ ಕೃಷ್ಣ ಪದ್ಮಾಸನ ಹಾಕಿ ಕೂರುತ್ತಾನೆ, ಅಲ್ಲಿಂದ ಅವನು ಇನ್ನೂ ಅಪಾಯಕಾರಿ. ಕುಂಡಲಿನಿ ಎದ್ದು ಅವನ ಸುತ್ತ ಯಾರೂ ಹತ್ತಿರ ಹೋಗಲಾಗದ ಬೇಲಿ ನಿಲ್ಲುತ್ತದೆ, ಮಹಾ ರೋಶಿನಿ ಕಣ್ಣು ಕಿತ್ತುಕೊಳ್ಳುತ್ತದೆ. ಕೊನೆಗೆ ಶಿರ್ಯು ಹೊಡೆದದ್ದು ಅವನ ಸ್ಕೇಲ್‌ಗೆ ಅಲ್ಲ, ಏಳು ಚಕ್ರಗಳಿಗೆ. ಕಮ್ಮಾರರ ವಾದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಕಾಣಲ್ಲ.

ಹೊಸ ಓದುಗಿ

‘ಲಾಸ್ಟ್ ಕ್ಯಾನ್ವಾಸ್’ನಲ್ಲಿ ಪೈಸಿಸ್ ಆಲ್ಬಫಿಕಾ ಮೀನೋಸ್‌ನ ಸಾಯಿಸ್ತಾನೆ ಅಂತ ಎಲ್ಲೋ ಓದಿದೆ. ಅದು ಲೆಕ್ಕಕ್ಕೆ ಬರಲ್ವಾ?

ಕೆಂಡದ ರೆಕ್ಕೆ

ಬರಲ್ಲ. ಅದನ್ನು ಬರೆದವರು ಶಿಯೋರಿ ತೆಶಿರೋಗಿ, ಹಿಂದಿನ ಪವಿತ್ರ ಯುದ್ಧದ ಕಥೆ. ಓದಲೇಬೇಕಾದ ಮಂಗಾ, ಆಲ್ಬಫಿಕಾನ ಹೋರಾಟ ಅದರಲ್ಲಿ ತುಂಬಾ ಚೆನ್ನಾಗಿದೆ. ಆದರೆ ಅಲ್ಲಿನ ಬಲದ ಲೆಕ್ಕವೇ ಬೇರೆ, ಇಲ್ಲಿಗೆ ತಂದರೆ ಎರಡೂ ಕಲಸಿಹೋಗುತ್ತವೆ.

ನೂರೆಂಟರಲ್ಲೊಬ್ಬ

ಅಯೋಲಿಯಾ ಶಾಕಾ ಸಮ ಅನ್ನೋದಕ್ಕೆ ನನ್ನ ಉತ್ತರ ಇದು. ಸಾವಿರ ದಿನದ ಮಾತು ಗೋಲ್ಡ್ ಸೇಂಟ್‌ಗಳ ನಡುವಿನದು, ಹೊರಗಿನವರಿಗೆ ಅನ್ವಯಿಸಲ್ಲ. ಅದಿರಲಿ.

ಕವಚಕ್ಕೆ ಬೆಲೆಯೇ ಇಲ್ಲ ಅನ್ನೋರು ಪಾತಾಳದಾಚೆಯ ದೇವರ ಸೀಮೆಯಾದ ಎಲಿಸಿಯಾನ್ ಮರೆತಿದ್ದೀರಿ. ಅದರ ದಾರಿಗೆ ಅಡ್ಡ ನಿಂತ ಗೋಳಿನ ಗೋಡೆ ಒಡೆದ ಮೇಲೆ ಮೀನೋಸ್ ಹ್ಯೋಗನ ಬೆನ್ನಟ್ಟಿ ಆ ದಾರಿಗೆ ನುಗ್ಗುತ್ತಾನೆ. ಎಂಥಾ ಯೋಧ! ಯಾರ ಏಟಿಗೂ ಬೀಳದವನು ಆ ದಾರಿಯ ಒತ್ತಡಕ್ಕೇ ಪುಡಿಯಾಗುತ್ತಾನೆ. ಹ್ಯೋಗ ಪಾರಾಗುತ್ತಾನೆ, ಯಾಕೆಂದರೆ ಅವನ ಕಂಚಿನ ಕ್ಲಾತ್‌ನಲ್ಲಿ ಅಥೆನಾಳ ರಕ್ತ ಇದೆ. ಮೀನೋಸ್‌ನ ಸರ್ಪ್ಲಿಸ್‌ಗೆ ಆ ರಕ್ಷೆ ಇರಲಿಲ್ಲ. ಇಲ್ಲಿ ಸಾವು ಬದುಕು ತೀರ್ಮಾನ ಮಾಡಿದ್ದು ಕವಚವೇ, ಕಾಸ್ಮೋ ಅಲ್ಲ.

ಜಾಮಿರ್ ಕಮ್ಮಾರ

ಹೌದು, ಮತ್ತು ಇಡೀ ಮಂಗಾದಲ್ಲಿ ಕವಚಕ್ಕೆ ಅಂಥ ಬೆಲೆ ಬರುವ ಜಾಗ ಅದೊಂದೇ. ದೇವರ ಸೀಮೆ. ಅಲ್ಲಿಯೂ ದರ್ಜೆ ಕೆಲಸ ಮಾಡಿಲ್ಲ ಅನ್ನೋದನ್ನು ನೋಡಿ. ಪೊಸೈಡನ್ ಐದು ಚಿನ್ನದ ಕ್ಲಾತ್‌ಗಳನ್ನು ಎಲಿಸಿಯಾನ್‌ಗೆ ಕಳಿಸುತ್ತಾನೆ. ಸೇಯಾಗೆ ಸ್ಯಾಜಿಟೇರಿಯಸ್, ಶಿರ್ಯುಗೆ ಲೈಬ್ರಾ, ಹ್ಯೋಗನಿಗೆ ಅಕ್ವೇರಿಯಸ್, ಶುನ್‌ಗೆ ವರ್ಗೋ, ಇಕ್ಕಿಗೆ ಲಿಯೋ. ಓದುವಾಗ ಎದೆ ಉಬ್ಬುವ ಪುಟಗಳು. ಸಾವಿನ ದೇವರು ಥಾನಾಟೋಸ್ ಆ ಐದನ್ನೂ ಪುಡಿ ಮಾಡಿಬಿಡುತ್ತಾನೆ. ಆಮೇಲೆ ಅವನನ್ನು ಸೋಲಿಸಿದ್ದು ಯಾವ ಕವಚ? ಕಂಚಿನ ಪೆಗಾಸಸ್, ಅಥೆನಾಳ ರಕ್ತ ಬಿದ್ದದ್ದು, ಸೇಯಾನ ಕಾಸ್ಮೋ ತುಟ್ಟತುದಿ ಮುಟ್ಟಿದಾಗ ಗಾಡ್ ಕ್ಲಾತ್ ಆಗಿ ಬದಲಾದದ್ದು. ಆ ರಕ್ತದಿಂದ ಕಂಚಿನ ಕ್ಲಾತ್‌ಗಳನ್ನು ಎಬ್ಬಿಸಿದವನು ಶಿಯೋನ್, ಮುನ ಗುರು. ರಕ್ತ ಆಗಲೇ ಇತ್ತು, ಆದರೆ ಕಾಸ್ಮೋ ಅಲ್ಲಿಗೆ ಏರುವ ತನಕ ಕ್ಲಾತ್ ಕಂಚಾಗೇ ಇತ್ತು.

ಈಗ ಮತ್ತೆ ರಾಡಮಾಂಥಿಸ್‌ಗೆ ಬರೋಣ, ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಈ ಕಥೆಯಲ್ಲಿ ಎರಡು ಬೇರೆ ಬೇರೆ ದೇವರ ಕವಚ ಹಾಕಿ, ಮೂರನೇ ಸಲ ಬರಿಮೈಯಲ್ಲೂ ಹೊಡೆದಾಡಿದವನು ಕನೋನ್. ಪೊಸೈಡನ್ ಕಡೆ ಸೀ ಡ್ರ್ಯಾಗನ್ ಸ್ಕೇಲ್. ಅಥೆನಾ ಕಡೆ ಜೆಮಿನಿ ಕ್ಲಾತ್. ನಡುವೆ ಮಿಲೋನ ಸ್ಕಾರ್ಲೆಟ್ ನೀಡಲ್‌ಗಳನ್ನು ಏನೂ ಹಾಕದ ಮೈಯಲ್ಲಿ ತಿಂದ. ಕೊನೆಯಲ್ಲಿ, ಗೋಡೆ ಒಡೆಯಲು ಹನ್ನೆರಡೂ ಚಿನ್ನದ ಕ್ಲಾತ್ ಬೇಕಾದ್ದರಿಂದ, ಜೆಮಿನಿಯನ್ನು ಅಲ್ಲಿಗೆ ಕಳಿಸಿ ರಾಡಮಾಂಥಿಸ್‌ನ ಎದುರು ಬರಿಮೈಯಲ್ಲಿ ನಿಂತ. ಪೂರ್ತಿ ಸರ್ಪ್ಲಿಸ್ ಹಾಕಿದ ನ್ಯಾಯಾಧೀಶನನ್ನು ತಬ್ಬಿ ಹಿಡಿದು ಮೇಲಕ್ಕೊಯ್ದು ಗ್ಯಾಲಾಕ್ಸಿಯನ್ ಎಕ್ಸ್‌ಪ್ಲೋಶನ್. ಇಬ್ಬರೂ ಹೋದರು. ಕವಚ ಕಳಚಿದ ಕನೋನ್‌ನ ಏಟು ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಿರಲಿಲ್ಲ. ಕಮ್ಮಿ ಆದದ್ದು ಅವನು ಬದುಕುಳಿಯುವ ಸಾಧ್ಯತೆ ಮಾತ್ರ.

ಗ್ರೇಟ್ ಹಾರ್ನ್

ಇಲ್ಲಿ ನನಗೆ ಕರ್ಣ ನೆನಪಾಗುತ್ತಾನೆ. ಆದರೆ ಒಂದು ವ್ಯತ್ಯಾಸ ಇದೆ. ಕರ್ಣನ ಕವಚ ಇಂದ್ರನ ಕೈಗೆ ಹೋಯಿತು, ಅರ್ಜುನನ ಗೆಲುವಿಗೆ ಕೆಲಸಕ್ಕೆ ಬಂತು. ಕನೋನ್‌ನ ಕವಚ ತನ್ನವರ ಕೆಲಸಕ್ಕೇ ಹೋಯಿತು. ಹನ್ನೆರಡು ಜನ ಗೋಡೆಯ ಮುಂದೆ ನಿಂತಾಗ ಜೆಮಿನಿ ಜಾಗದಲ್ಲಿ ಸಾಗಾ ಅದನ್ನು ಹಾಕಿಕೊಂಡ.

ನೂರೆಂಟರಲ್ಲೊಬ್ಬ

ನನ್ನ ಪಟ್ಟಿ ನಾನು ಬದಲಿಸಲ್ಲ. ರಾಡಮಾಂಥಿಸ್ ಕನೋನ್ ಮಟ್ಟದವನು. ಅವನನ್ನು ಮುಗಿಸಲು ಕನೋನ್ ತನ್ನ ಜೀವವನ್ನೇ ಕೊಡಬೇಕಾಯಿತು, ಅಷ್ಟು ಸಾಕ್ಷಿ ನನಗೆ ಸಾಕು. ಆದರೆ ಕೋಟೆಯ ಹೊಡೆದಾಟವನ್ನು ಇನ್ನು ಮೇಲೆ ಸಾಕ್ಷಿಯಾಗಿ ಎತ್ತಲ್ಲ, ಪಾತಾಳದ್ದನ್ನೇ ಎತ್ತುತ್ತೀನಿ.

ಜಾಮಿರ್ ಕಮ್ಮಾರ

ಕನೋನ್ ಮಟ್ಟದವನು ಅನ್ನೋದಾದರೆ ನನಗೂ ಜಗಳ ಇಲ್ಲ. ಮೂವರಿಗಿಂತ ಮೇಲೆ ಅನ್ನೋದಕ್ಕೆ ಮಾತ್ರ ಇತ್ತು. ಯಾರಾದರೂ ಪೊಸೈಡನ್‌ನ ಏಳು ಸೇನಾಪತಿಗಳ ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ಅವರ ಸ್ಕೇಲ್ ಕೂಡ ಓರಿಕ್ಯಾಲ್ಕಂನದ್ದೇ, ಹಾಗಿರುವಾಗ ಅವರಲ್ಲೊಬ್ಬನಾದ ಐಸಾಕ್‌ನ ಏಟಿಗೂ ಹ್ಯೋಗನ ಏಟಿಗೂ ಅಂತರ ಎಲ್ಲಿಂದ ಬಂತು ಅನ್ನೋದನ್ನು ಅಲ್ಲಿ ನೋಡೋಣ.